ಘಾಟಿ ದಾರಿ, ಪುಟ್ಟ ಮಕ್ಕಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಗುಡ್ಡದ ಊರುಗಳಿಗೆ ಹೋಗುವ ಬಗ್ಗೆ ಬಂದಿರುವ ಪತ್ರಗಳಲ್ಲಿ ಮೂರನ್ನು ಈ ಸಂಚಿಕೆಗೆ ಆರಿಸಿಕೊಳ್ಳಲಾಗಿದೆ.

ಪ್ರಶ್ನೆ: ನಮಗೆ ಐದು ವರ್ಷದ ಮಗಳು ಮತ್ತು ಎರಡೂವರೆ ವರ್ಷದ ಮಗ ಇದ್ದಾರೆ. ಮೇ ತಿಂಗಳಲ್ಲಿ ನಮ್ಮ ಕಾರಿನಲ್ಲೇ ಒಂದು ದಿನದಲ್ಲಿ ಚಿಕ್ಕಮಗಳೂರು ತಲುಪಿ, ಮುಂದಿನ ಮೂರು ದಿನಗಳಲ್ಲಿ ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಕುದುರೆಮುಖ ಮತ್ತು ಆಗುಂಬೆ ನೋಡಿಕೊಂಡು ಬರಬೇಕೆಂದಿದ್ದೇವೆ. ನಸುಕಿನ ಮೂರು ಗಂಟೆಗೆ ಹೊರಟರೆ ಇದು ಸಾಧ್ಯವೇ?
— ಓದುಗರು, ಕಲಬುರಗಿ

ಉತ್ತರ: ಕಾರಿಗೆ ಸಾಧ್ಯ, ಮಕ್ಕಳಿಗೆ ಸಾಧ್ಯವಿಲ್ಲ. ಕಲಬುರಗಿಯಿಂದ ಹೊಸಪೇಟೆ, ಚಿತ್ರದುರ್ಗದ ಮೇಲೆ ಚಿಕ್ಕಮಗಳೂರಿಗೆ 500 ಕಿಲೋಮೀಟರಿಗೂ ಹೆಚ್ಚಿನ ದಾರಿಯಿದೆ. ಎರಡು ಗಂಟೆಗೊಮ್ಮೆ ಇಳಿಸಿ ಓಡಾಡಿಸಲೇಬೇಕಾದ ಮಕ್ಕಳನ್ನು ಇಟ್ಟುಕೊಂಡು ಹೊರಟವರಿಗೆ ಇದು ಬೆಳಗಿನಿಂದ ರಾತ್ರಿಯವರೆಗಿನ ಪ್ರಯಾಣ. ಮೂರಕ್ಕೆ ಹೊರಡುವುದೆಂದರೆ ಕಾರು ನಡೆಸುವವರು ಹಿಂದಿನ ರಾತ್ರಿ ಸರಿಯಾಗಿ ನಿದ್ದೆ ಮಾಡಿರುವುದಿಲ್ಲ ಎಂದೇ ಅರ್ಥ. ನಿಮ್ಮಂತಹ ಯೋಜನೆಗಳಲ್ಲಿ ಎಲ್ಲರೂ ಗುಡ್ಡಕ್ಕೇ ಅಂಜುತ್ತಾರೆ. ವಾಸ್ತವದಲ್ಲಿ ಮಕ್ಕಳನ್ನು ಹೈರಾಣು ಮಾಡುವುದು ಗುಡ್ಡಕ್ಕಿಂತ ಮುಂಚೆ ಬರುವ ಬಯಲುಸೀಮೆಯ ಉದ್ದ ರಸ್ತೆ ಮತ್ತು ಅಲ್ಲಿನ ನಲವತ್ತು ಡಿಗ್ರಿಯ ಬಿಸಿಲು. ಆ ದಣಿವಿನಲ್ಲಿಯೇ ಸಂಜೆಗತ್ತಲಲ್ಲಿ ತಿರುವುಗಳ ರಸ್ತೆಗೆ ಇಳಿದಾಗ ಮಕ್ಕಳ ಅಳು, ಚಾಲಕರ ಸಿಡಿಮಿಡಿ ಎರಡೂ ಒಟ್ಟಿಗೆ ಮೇಲೇರುತ್ತವೆ. ಆದ್ದರಿಂದ ಮಕ್ಕಳಿರುವ ಮನೆಯವರು ಘಾಟಿ ಹತ್ತುವುದನ್ನು ಬೆಳಗಿನ ಕೆಲಸವಾಗಿ ಇಟ್ಟುಕೊಂಡು, ಉಳಿದ ಪ್ರಯಾಣವನ್ನು ಅದಕ್ಕೆ ತಕ್ಕಂತೆ ಹಿಂದಿನಿಂದ ಲೆಕ್ಕ ಹಾಕಿಕೊಳ್ಳಬೇಕು.

ಕಲಬುರಗಿಯವರಿಗೆ ನಾನು ಮೊದಲು ಸೂಚಿಸುವುದು ಮಹಾಬಲೇಶ್ವರವನ್ನು. ಮಲೆನಾಡು ನಮ್ಮ ರಾಜ್ಯದ್ದೇ ಆದರೂ ನಮಗೆ ಹತ್ತಿರದ ದೊಡ್ಡ ಗುಡ್ಡದೂರು ಅದಲ್ಲ. ಆಳಂದ, ಅಕ್ಕಲಕೋಟೆ, ಸೊಲ್ಲಾಪುರ, ಪಂಢರಪುರ, ಫಲ್ಟಣ ಮತ್ತು ವಾಯಿ ಮಾರ್ಗವಾಗಿ ಹೋದರೆ 400 ಕಿಲೋಮೀಟರಿನೊಳಗೇ ಮಹಾಬಲೇಶ್ವರ ಸಿಗುತ್ತದೆ. ಘಾಟಿ ಎಂದು ಕರೆಯಬಹುದಾದ ಮುಖ್ಯ ಏರು ವಾಯಿ ಮತ್ತು ಪಂಚಗಣಿಯ ನಡುವಿನ ಪಸರಣಿ ಘಾಟಿ ಮಾತ್ರ, ಅದೂ ಉದ್ದವಾದುದಲ್ಲ. ಬೆಳಿಗ್ಗೆ ಐದಕ್ಕೆ ಹೊರಟರೆ ಬಿಸಿಲು ಏರುವ ಹೊತ್ತಿಗೆ ಪಂಢರಪುರದಲ್ಲಿರುತ್ತೀರಿ. ವಿಠ್ಠಲನ ದರ್ಶನ ಮಾಡಿಕೊಂಡು ಅಲ್ಲಿಯೇ ರಾತ್ರಿ ಉಳಿಯಿರಿ. ಅರ್ಧ ದಿನ ಹಾಳಾಯಿತೆಂದು ದೊಡ್ಡವರಿಗೆ ಅನ್ನಿಸಬಹುದು, ಆದರೆ ಹೊಸ ಊರಿನ ಲಾಡ್ಜಿನ ಹಾಸಿಗೆಯ ಮೇಲೆ ಜಿಗಿಯುವುದನ್ನೂ ಪ್ರವಾಸವೆಂದೇ ತಿಳಿಯುವ ವಯಸ್ಸು ನಿಮ್ಮ ಮಕ್ಕಳದು. ಮರುದಿನ ನಸುಕಿನಲ್ಲಿ ಹೊರಟರೆ ವಾಯಿಯಲ್ಲಿ ಕೃಷ್ಣೆಯ ದಡದಲ್ಲಿರುವ ಢೋಲ್ಯಾ ಗಣಪತಿಯ ಗುಡಿಯ ಬಳಿ ಮಕ್ಕಳಿಗೆ ಒಂದು ಗಂಟೆ ಬಿಡುವು ಕೊಟ್ಟು, ಮಧ್ಯಾಹ್ನದೊಳಗೆ ಘಾಟಿ ಏರಿಬಿಡಬಹುದು.

ಮೇಲೆ ಹೋದ ಬಳಿಕ ಮೂರು ರಾತ್ರಿಯೂ ಒಂದೇ ಕಡೆ ತಂಗಿರಿ. ದಿನಕ್ಕೆ ಒಂದು ಜಾಗ ಸಾಕು, ಅದೂ ಬೆಳಗಿನ ಹೊತ್ತು. ಮೇ ತಿಂಗಳ ಶನಿವಾರ, ಭಾನುವಾರಗಳಲ್ಲಿ ಪಂಚಗಣಿಯ ರಸ್ತೆಯಲ್ಲಿ ವಾಹನಗಳು ಸಾಲುಗಟ್ಟಿ ನಿಲ್ಲುವುದರಿಂದ ಸೋಮವಾರದಿಂದ ಗುರುವಾರದವರೆಗಿನ ದಿನಗಳನ್ನೇ ಆರಿಸಿಕೊಳ್ಳಿ. ಹಳೆಯ ಮಹಾಬಲೇಶ್ವರದ ಗುಡಿಯನ್ನು ಮಾತ್ರ ತಪ್ಪಿಸಬೇಡಿ. ನಾರಾಯಣಪುರದ ಜಲಾಶಯವನ್ನು ತುಂಬಿ ನಮ್ಮ ಭಾಗದ ಹೊಲಗಳಿಗೆ ಹರಿಯುವ ಕೃಷ್ಣೆ ಅಲ್ಲಿ ಕಲ್ಲಿನ ಗೋಮುಖದಿಂದ ಸಣ್ಣ ಧಾರೆಯಾಗಿ ಬೀಳುವುದನ್ನು ಐದು ವರ್ಷದ ಮಗಳಿಗೆ ಖಂಡಿತ ತೋರಿಸಬೇಕು. ಜೂನ್ ಎರಡನೆಯ ವಾರದಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀಳುವ ಮಳೆ ಮತ್ತು ಕವಿಯುವ ಮಂಜು ಪುಟ್ಟ ಮಕ್ಕಳ ಪ್ರವಾಸಕ್ಕೆ ತಕ್ಕುದಲ್ಲ.

ಕಾರು ನಡೆಸುವವರಿಗೆ ಒಂದು ಮಾತು. ಘಾಟಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವ ಚಾಳಿ ನಮ್ಮಲ್ಲಿ ಇನ್ನೂ ಇದೆ. ಹಾಗೆ ಮಾಡಿದರೆ ಇಡೀ ಭಾರ ಬ್ರೇಕಿನ ಮೇಲೆ ಬಿದ್ದು, ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಎಂಜಿನ್ನಿನ ತಡೆಯಿಂದಲೇ ಇಳಿಯಬೇಕು. ರಸ್ತೆ ಕಿರಿದಾದಲ್ಲಿ ಏರಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ಇದಕ್ಕೂ ಮುನ್ನ ಪರೀಕ್ಷೆಗೆಂದು ಒಂದು ಭಾನುವಾರ ಚಿಂಚೋಳಿಯ ಕಾಡಿನ ಕಡೆ, ಚಂದ್ರಂಪಳ್ಳಿ ಜಲಾಶಯದವರೆಗೆ ಹೋಗಿ ಬನ್ನಿ. ನಿಮ್ಮ ಮಗ ಸೀಟಿನಲ್ಲಿ ಎಷ್ಟು ಹೊತ್ತು ಕೂರುತ್ತಾನೆ ಎಂಬುದು ಅಲ್ಲಿಯೇ ತಿಳಿದುಹೋಗುತ್ತದೆ.

ಪ್ರಶ್ನೆ: ನಾವು ಶ್ರೀಶೈಲಕ್ಕೆ ಕಾರಿನಲ್ಲಿ ಹೋಗಬೇಕಾಗಿದೆ. ಆರು ವರ್ಷದ ಮಗನಿಗೆ ತಿರುವುಗಳು ಶುರುವಾದ ಕೂಡಲೇ ವಾಂತಿಯಾಗುತ್ತದೆ. ಮೊಬೈಲ್ ಕೊಟ್ಟರೆ ಸುಮ್ಮನಿರುತ್ತಾನೆ, ಆದರೆ ವಾಂತಿ ನಿಲ್ಲುವುದಿಲ್ಲ. ಏನೂ ತಿನ್ನಿಸದೆ ಕರೆದುಕೊಂಡು ಹೋಗುವುದು ಒಳ್ಳೆಯದೇ? ಅತ್ತೆಯವರು ನಿಂಬೆಹಣ್ಣು ಮೂಸಿಸಿದರೆ ಸಾಕು ಎನ್ನುತ್ತಾರೆ.
— ಓದುಗರು, ಬೀದರ್

ಉತ್ತರ: ವಾಂತಿ ನಿಲ್ಲದಿರಲು ಆ ಮೊಬೈಲ್ ಕೂಡ ಒಂದು ಕಾರಣ. ದೇಹ ಅತ್ತಿತ್ತ ಓಲಾಡುತ್ತಿದೆ ಎಂದು ಒಳಗಿವಿ ಮೆದುಳಿಗೆ ತಿಳಿಸುತ್ತಿರುವಾಗ, ಪರದೆಯಲ್ಲಿ ನೆಟ್ಟ ಕಣ್ಣು ಎಲ್ಲವೂ ನಿಂತಲ್ಲೇ ಇದೆ ಎಂದು ಹೇಳುತ್ತದೆ. ಈ ಎರಡು ಸುದ್ದಿಗಳು ಹೊಂದದಿದ್ದಾಗ ಹೊಟ್ಟೆ ತೊಳೆಸುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಲ್ಲಿ ಇದು ಹೆಚ್ಚು. ದೊಡ್ಡವರಾದಂತೆ ಬಹುಪಾಲು ಮಕ್ಕಳಿಗೆ ಕಡಿಮೆಯಾಗುತ್ತದೆ. ಮಗನಿಗೆ ಮುಂದಿನ ರಸ್ತೆ ಕಾಣಿಸಬೇಕು. ಆ ವಯಸ್ಸಿನ ಮಗು ಬರಿಯ ಹಿಂದಿನ ಸೀಟಿನಲ್ಲಿ ಕೂತರೆ ಮುಂದಿನ ಸೀಟಿನ ಬೆನ್ನಷ್ಟೇ ಕಾಣುತ್ತದೆ, ಆದ್ದರಿಂದ ಎತ್ತರಿಸುವ ಬೂಸ್ಟರ್ ಸೀಟು ಹಾಕಿ, ಬೆಲ್ಟ್ ಬಿಗಿದು, ದೂರದ ಗುಡ್ಡವನ್ನೋ ಎದುರು ಬರುವ ಲಾರಿಗಳನ್ನೋ ನೋಡಿ ಹೇಳುವ ಆಟ ಹಚ್ಚಿರಿ. ಕಿಟಕಿಯನ್ನು ಸ್ವಲ್ಪ ಇಳಿಸಿ ಗಾಳಿ ಆಡಲು ಬಿಡಿ, ಕಾರಿನಲ್ಲಿ ತೂಗುಹಾಕುವ ಗಾಢ ಸುವಾಸನೆಯ ಡಬ್ಬಿಗಳನ್ನು ತೆಗೆದಿಡಿ.

ಖಾಲಿ ಹೊಟ್ಟೆಯೂ ತೊಳೆಸುತ್ತದೆ. ಹೊರಡುವ ಒಂದು ಗಂಟೆ ಮೊದಲು ಅರ್ಧ ಚಪಾತಿ, ಬಾಳೆಹಣ್ಣು ಅಥವಾ ಇಡ್ಲಿಯಂತಹ ಹಗುರ ತಿನಿಸು ಕೊಟ್ಟು, ದಾರಿಯಲ್ಲಿ ನೀರನ್ನು ಗುಟುಕು ಗುಟುಕಾಗಿ ಕುಡಿಸಿರಿ. ದಾರಿಯ ಹೋಟೆಲಿನ ಸುಸಲಾ, ಮಿರ್ಚಿ ಭಜಿ ಹಿಂದಿರುಗುವವರೆಗೆ ಅವನಿಗೆ ಬೇಡ. ಅವನೆದುರು ನೀವೂ ತಿನ್ನದಿರುವುದು ನ್ಯಾಯ. ನಿಂಬೆಹಣ್ಣು ಮೂಸುವುದರಿಂದ ತೊಂದರೆಯಿಲ್ಲ, ಅತ್ತೆಯವರ ಮನಸ್ಸನ್ನು ಏಕೆ ನೋಯಿಸಬೇಕು? ಆದರೆ ಅದನ್ನೊಂದನ್ನೇ ನೆಚ್ಚಬೇಡಿ. ಮಾತ್ರೆಗಳಿವೆ, ಅವನ್ನು ತಿರುವು ಆರಂಭವಾಗುವುದಕ್ಕೆ ಮೊದಲೇ ಕೊಟ್ಟರೆ ಮಾತ್ರ ಪ್ರಯೋಜನ, ಅದೂ ಮಗನ ತೂಕ ನೋಡಿ ಮಕ್ಕಳ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ. ಇಂತಹ ಮಾತ್ರೆಗಳಲ್ಲಿರುವ ಪ್ರೊಮೆಥಜೀನ್ ಎಂಬ ಔಷಧಿ ಎರಡು ವರ್ಷದೊಳಗಿನ ಮಕ್ಕಳ ಉಸಿರಾಟಕ್ಕೇ ಅಪಾಯ ತರಬಲ್ಲುದು, ಹೀಗಾಗಿ ದೊಡ್ಡವನ ಮಾತ್ರೆಯನ್ನು ಮುರಿದು ಚಿಕ್ಕ ಮಗುವಿಗೆ ಕೊಡುವ ರೂಢಿ ಯಾವ ಮನೆಯಲ್ಲಿದ್ದರೂ ಬಿಡಬೇಕು.

ಬೀದರ್‌ನಿಂದ ಹೈದರಾಬಾದ್ ದಾಟಿ ಹೋಗುವ ನಿಮಗೆ ನಲ್ಲಮಲ ಕಾಡಿನ ರಸ್ತೆ ಸಿಗುತ್ತದೆ. ಹುಲಿ ಸಂರಕ್ಷಿತ ಪ್ರದೇಶವಾದ್ದರಿಂದ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ಬಿಡುವುದಿಲ್ಲ. ಗೇಟು ಮುಚ್ಚುವುದರೊಳಗೆ ದಾಟಬೇಕೆಂಬ ಅವಸರದಲ್ಲಿ ತಿರುವುಗಳಲ್ಲಿ ವೇಗವಾಗಿ ಓಡಿಸಿದರೆ ಮೇಲೆ ಹೇಳಿದ್ದೆಲ್ಲ ವ್ಯರ್ಥ. ಹೈದರಾಬಾದಿನಲ್ಲಿ ತಂಗಿ ಬೆಳಿಗ್ಗೆ ಹೊರಡಿ. ಕೃಷ್ಣೆಯ ಅಣೆಕಟ್ಟಿನ ಕಡೆಗೆ ಇಳಿದು ಮತ್ತೆ ಏರುವ ಕೊನೆಯ ಭಾಗದಲ್ಲಿಯೇ ಬಿಗಿ ತಿರುವುಗಳು ಹೆಚ್ಚಾಗಿರುವುದರಿಂದ ಅದಕ್ಕೂ ಮೊದಲೇ ಒಮ್ಮೆ ಕಾರು ನಿಲ್ಲಿಸಿ ಅವನಿಗೆ ವಿಶ್ರಾಂತಿ ಕೊಡಿ.

ಪ್ರಶ್ನೆ: ಹತ್ತು ತಿಂಗಳ ಕೂಸನ್ನು ಮುಳ್ಳಯ್ಯನಗಿರಿಗೆ ಕರೆದೊಯ್ದರೆ ತೆಳುವಾದ ಗಾಳಿಯಿಂದ ಉಸಿರಾಟಕ್ಕೆ ತೊಂದರೆಯಾದೀತೇ? ನಾನು ಮುಂದಿನ ಸೀಟಿನಲ್ಲಿ ಕೂಸನ್ನು ಮಡಿಲಲ್ಲಿ ಹಿಡಿದುಕೊಂಡು ಕೂರಬಹುದೇ?
— ಓದುಗರು, ಯಾದಗಿರಿ

ಉತ್ತರ: ಮುಳ್ಳಯ್ಯನಗಿರಿ ಕರ್ನಾಟಕದ ಅತಿ ಎತ್ತರದ ಶಿಖರವಾದರೂ ಅದರ ಎತ್ತರ ಸುಮಾರು 1930 ಮೀಟರ್ ಮಾತ್ರ. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು, ಆದ್ದರಿಂದ ಆರೋಗ್ಯವಾಗಿರುವ ಕೂಸಿನ ಬಗ್ಗೆ ಆ ಅಂಜಿಕೆ ಬೇಡ. ಹುಟ್ಟಿನಿಂದ ಹೃದಯದ ಅಥವಾ ಶ್ವಾಸಕೋಶದ ತೊಂದರೆಯಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ಕಾಡಬಹುದಾದುದು ಕಿವಿ. ಗುಡ್ಡ ಇಳಿಯುವಾಗ ಹೊರಗಿನ ಗಾಳಿಯ ಒತ್ತಡ ಏರುತ್ತದೆ, ನೆಗಡಿಯಾಗಿದ್ದರೆ ಕಿವಿಯೊಳಗಿನ ಒತ್ತಡ ಅದಕ್ಕೆ ಬೇಗ ಹೊಂದಿಕೊಳ್ಳದೆ ಕೂಸು ಅಳುತ್ತದೆ. ನುಂಗಿದಾಗ ಕಿವಿ ಬಿಡುವುದರಿಂದ ಇಳಿಯುವ ದಾರಿಯಲ್ಲಿ ಅಲ್ಲಲ್ಲಿ ನಿಲ್ಲಿಸಿ ಹಾಲೂಡಿಸಿರಿ.

ಮಡಿಲಲ್ಲಿ ಕೂರಿಸಿಕೊಳ್ಳಬಾರದು, ಮುಂದಿನ ಸೀಟಿನಲ್ಲಂತೂ ಕೂಡದೇ ಕೂಡದು. ಜೋರಾಗಿ ಬ್ರೇಕ್ ಬಿದ್ದಾಗ ಯಾವ ತಾಯಿಯ ಕೈಬಲವೂ ಕೂಸನ್ನು ಹಿಡಿದು ನಿಲ್ಲಿಸಲಾರದು. ಗಾಳಿಚೀಲ (ಏರ್‌ಬ್ಯಾಗ್) ತೆರೆದುಕೊಂಡರೆ ಅದರ ಹೊಡೆತ ನೇರವಾಗಿ ಕೂಸಿಗೇ ಬೀಳುತ್ತದೆ. ಹಿಂದಿನ ಸೀಟಿನಲ್ಲಿ, ಕಾರಿನ ಹಿಂಭಾಗಕ್ಕೆ ಮುಖ ಮಾಡಿದ ಮಕ್ಕಳ ಸೀಟಿನಲ್ಲಿ ಕೂಸನ್ನು ಕಟ್ಟಿ ಕೂರಿಸಿ, ನೀವು ಪಕ್ಕದಲ್ಲಿ ಕೂರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡವೂ ಇದೆ.

ನಿಮ್ಮ ಊರಿನವರಿಗೆ ಇನ್ನೊಂದು ಅನುಕೂಲವಿದೆ. ಸೊಲ್ಲಾಪುರದಿಂದ ಹಾಸನಕ್ಕೆ ಹೋಗುವ ರೈಲು ಕಲಬುರಗಿ, ಯಾದಗಿರಿ ಮಾರ್ಗವಾಗಿಯೇ ರಾತ್ರಿ ಸಾಗುತ್ತದೆ. ಕೂಸು ಬರ್ತಿನಲ್ಲಿ ಮಲಗಿರುವಾಗಲೇ ಬಯಲುಸೀಮೆಯ ಬಹುಪಾಲು ಕಳೆಯುತ್ತದೆ, ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರಷ್ಟೇ ಉಳಿಯುತ್ತದೆ. ಅಲ್ಲಿ ಬಾಡಿಗೆ ಕಾರು ಗೊತ್ತುಮಾಡುವಾಗ ಹಿಂದಿನ ಸೀಟಿನ ಬೆಲ್ಟುಗಳು ಕವರಿನ ಕೆಳಗೆ ಹುದುಗಿಲ್ಲವೆಂದು ಖಚಿತಪಡಿಸಿಕೊಳ್ಳಿ ಮತ್ತು ಮಕ್ಕಳ ಸೀಟನ್ನು ಮನೆಯಿಂದಲೇ ಒಯ್ಯಿರಿ, ಬಾಡಿಗೆ ಕಾರುಗಳಲ್ಲಿ ಅದು ಸಿಗುವುದು ಅಪರೂಪ.