ಕಾಗುಣಿತ ಬಾಯಿಪಾಠ ಬರುತ್ತದೆ, ಓದಲು ಬರುವುದಿಲ್ಲ: ಎರಡು–ಮೂರನೇ ತರಗತಿಗೆ ಏನು ಮಾಡಬೇಕು?

ಹೊಸನಗರ ತಾಲ್ಲೂಕಿನ ಶಾಲೆಗೆ ಅತಿಥಿ ಶಿಕ್ಷಕಿಯಾಗಿ ಬಂದಿದ್ದೀರಿ. ಎರಡು–ಮೂರನೇ ತರಗತಿಯ ಮಕ್ಕಳು ಕ ಕಾ ಕಿ ಕೀ ಪಟಪಟ ಒಪ್ಪಿಸುತ್ತಾರೆ, ಪುಸ್ತಕ ಕೊಟ್ಟರೆ ಮಾತ್ರ ಸುಮ್ಮನಾಗುತ್ತಾರೆ, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ ಮೇಡಂ. ನಾನು ಹೇಳುವುದಿಷ್ಟು: ಒಪ್ಪಿಸುವುದನ್ನು ಸದ್ಯಕ್ಕೆ ಪೂರ್ತಿ ನಿಲ್ಲಿಸಿ. 'ಕು' ತೋರಿಸಿದಾಗ ಮಗು ಕ-ದಿಂದ ಎಣಿಸಿಕೊಂಡು ಬಂದು 'ಕು' ಎಂದರೆ ಅದಕ್ಕೆ ಸಾಲು ಗೊತ್ತಿದೆ, ಆ ಅಕ್ಷರದ ಗುರುತು ಸಿಕ್ಕಿಲ್ಲ.

ಮೊದಲ ಎರಡು ದಿನ ಪಾಠ ಬೇಡ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಐದೈದು ನಿಮಿಷ ನೋಡಿ. ಒಂದು ಹಾಳೆಯಲ್ಲಿ ಕ್ರಮ ತಪ್ಪಿಸಿ ಹತ್ತು ಮೂಲಾಕ್ಷರ, ಹತ್ತು ಗುಣಿತಾಕ್ಷರ, ಒತ್ತಿಲ್ಲದ ಐದು ಪದ, ಒತ್ತಿರುವ ಐದು ಪದ, ಕೊನೆಗೆ ನಾಲ್ಕು ಸಾಲಿನ ಪುಟ್ಟ ಕಥೆ ಬರೆದಿಟ್ಟುಕೊಳ್ಳಿ. ಮಗು ಎಲ್ಲಿ ನಿಂತಿತೋ ಅದೇ ಅದರ ಗುಂಪು, ತರಗತಿ ಯಾವುದಾದರೂ ಇರಲಿ. ಕಥೆ ಪಠ್ಯಪುಸ್ತಕದ್ದಾಗಿರಬಾರದು. ಕೇಳಿ ಕೇಳಿ ಪಾಠವೇ ಕಂಠಪಾಠವಾಗಿರುತ್ತದೆ, ಮಕ್ಕಳು ಬೆರಳಿಟ್ಟು ಓದುವಂತೆಯೇ ಕಾಣುತ್ತಾರೆ. ಅನುಮಾನ ಬಂದರೆ ಸಾಲಿನ ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ಕೇಳಿ, ಗೊತ್ತಾಗಿಬಿಡುತ್ತದೆ.

ಮೂಲಾಕ್ಷರದಲ್ಲೇ ನಿಂತವರಿಗೆ 49 ಅಕ್ಷರ ಮುಗಿಸಿ ಆಮೇಲೆ ಪದ ಎನ್ನುವ ದಾರಿ ಹಿಡಿಯಬೇಡಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಎಂಬ ಚಟುವಟಿಕೆಯ ಕಲಿಕಾ ಪದ್ಧತಿಯಲ್ಲಿ ನನಗೆ ಬಹಳ ಒಪ್ಪಿಗೆಯಾದದ್ದು ಅದರ ಅಕ್ಷರಕ್ರಮ. ಮೊದಲು ರ ಗ ಸ ದ ಅ. ಈ ಐದರಲ್ಲೇ ಸರ, ರಸ, ದರ, ಅರಸ, ಅಗಸ ಆಗುತ್ತವೆ, ಅಂದರೆ ಮೊದಲ ವಾರವೇ ಮಗು ಪದ ಓದುತ್ತದೆ. ಮುಂದೆ ಜ ವ ಮ ಬ ನ ಸೇರಿದರೆ ಮರ, ದನ, ಜನ, ಬಸವ, ನಗರ. ನಿಮ್ಮ ಮಕ್ಕಳಿಗೆ ನಗರ ಎಂದರೆ ತಮ್ಮ ತಾಲ್ಲೂಕಿನದೇ ಗೊತ್ತಿರುವ ಊರು, ಓದಿದ್ದು ತಟ್ಟನೆ ಅರ್ಥವಾಗುತ್ತದೆ. ನೋಡಲು ಹೋಲುವ ವ ಮತ್ತು ಮ ಒಂದೇ ಗುಂಪಿನಲ್ಲಿರುವುದರಿಂದ ಅಲ್ಲಿ ಎರಡು ದಿನ ಹೆಚ್ಚು ಕೊಡಿ. ನ–ಸ, ರ–ಠ, ಪ–ಷ, ಬ–ಭ, ದ–ಧ–ಥ ಜೋಡಿಗಳಲ್ಲಿ ಒಂದು ಗಟ್ಟಿಯಾಗುವ ತನಕ ಇನ್ನೊಂದನ್ನು ತರಬೇಡಿ. ಕಾರ್ಡಿಗೆ ಹಳೆಯ ಮದುವೆ ಕಾಗದದ ರಟ್ಟು ಸಾಕು. ಅಕ್ಷರ ಎರಡು ಇಂಚು ಎತ್ತರ ಇರಲಿ, ಮೇಲೆ ಅಗಲದ ಸೆಲ್ಲೋಟೇಪ್ ಅಂಟಿಸಿ. ಇಲ್ಲದಿದ್ದರೆ ಮಳೆಗಾಲದ ಥಂಡಿಗೆ ಶಾಯಿ ಹರಡಿ ರಟ್ಟಿಗೆ ಬೂಷ್ಟು ಹಿಡಿಯುತ್ತದೆ.

ಬಹಳ ಮಕ್ಕಳು ಸಿಕ್ಕಿಬೀಳುವುದು ಗುಣಿತದಲ್ಲಿ. ನಾವು ಕ-ಗೆ ಎಲ್ಲ ಚಿಹ್ನೆಯನ್ನೂ ಒಮ್ಮೆಗೇ ಹಾಕಿಸುತ್ತೇವೆ. ಅದನ್ನು ತಿರುಗಿಸಿ: ಒಂದೇ ಚಿಹ್ನೆ, ಗೊತ್ತಿರುವ ಎಲ್ಲ ಅಕ್ಷರಕ್ಕೂ. ನಾಲ್ಕು ದಿನ ಬರೀ ಇಳಿ: ಗಾ, ಸಾ, ದಾ, ಮಾ, ನಾ. ಆಮೇಲೆ ಗುಡಿಸು (ಕಿ), ಕೊಂಬು (ಕು), ಎತ್ವ (ಕೆ). ಸೊನ್ನೆಯನ್ನು ಕೊನೆಗೆ ತಳ್ಳಬೇಡಿ, ಅದಿಲ್ಲದೆ ಉಂಬಳ, ಕಂಬಳಿ, ಆಗುಂಬೆ ಯಾವುದೂ ಓದಲಾಗದು. ದೀರ್ಘಗಳು ಅದರ ನಂತರ. ವಟ್ರಸುಳಿ (ಕೃ), ಐತ್ವ, ಔತ್ವಕ್ಕೆ ಅವಸರವಿಲ್ಲ.

ಚಿಹ್ನೆಯನ್ನು ಕಲಿಸುವಾಗ ಬರೆದು ತಂದ ಚಾರ್ಟ್ ತೋರಿಸಬೇಡಿ, ಮಕ್ಕಳ ಕಣ್ಣೆದುರೇ ಬದಲಾಯಿಸಿ. ಹಲಗೆಯ ಮೇಲೆ 'ಹಳೆ' ಎಂದು ದೊಡ್ಡದಾಗಿ ಬರೆಯಿರಿ, ಓದಿಸಿ. ಹ-ದ ತಲಕಟ್ಟಿನ ಬಲತುದಿಯನ್ನು ಬೆರಳಲ್ಲಿ ಒರೆಸಿ, ಬಣ್ಣದ ಸೀಮೆಸುಣ್ಣದಲ್ಲಿ ಇಳಿ ಎಳೆಯಿರಿ. 'ಹಾಳೆ' ಆಯಿತು. ಕೈಗೆ ಒಂದು ಅಡಿಕೆ ಹಾಳೆ ಕೊಡಿ. ಮತ್ತೆ ಒರೆಸಿ ತಲಕಟ್ಟು ಹಾಕಿ, ಮತ್ತೆ ಓದಿಸಿ. ಇಳಿ, ಗುಡಿಸು, ಎತ್ವ ಬಂದಾಗ ತಲಕಟ್ಟು ಬದಲಾಗುತ್ತದೆ, ಕೊಂಬು ಬಂದಾಗ ತಲಕಟ್ಟು ಹಾಗೇ ಉಳಿಯುತ್ತದೆ. ಇದನ್ನು ನೋಡದ ಮಗುವಿಗೆ ಕ, ಕಿ, ಕೆ ಸಂಬಂಧವೇ ಇಲ್ಲದ ಮೂರು ಅಕ್ಷರ. ಬಳೆ–ಬಾಳೆ, ಬಿಡು–ಬೀಡು, ಸುಡು–ಸೂಡು, ಬೆಳೆ–ಬೇಳೆ, ಕೊಡು–ಕೋಡು ಜೋಡಿಗಳನ್ನು ಹೀಗೇ ಮಾಡಿಸಿ. ದೀರ್ಘ ತಪ್ಪಿದರೆ ಅರ್ಥವೇ ತಪ್ಪುವುದರಿಂದ ಮಕ್ಕಳು ತಾವೇ ತಿದ್ದಿಕೊಳ್ಳುತ್ತಾರೆ.

'ಮ... ನೆ' ಎಂದು ಬಿಡಿಸಿ ಹೇಳಿ ಅಲ್ಲೇ ನಿಲ್ಲುವ ಮಗುವಿಗೆ ಅಕ್ಷರ ಗೊತ್ತು, ಕೂಡಿಸಲು ಬರುವುದಿಲ್ಲ. ಎರಡಕ್ಷರದ ಪದಗಳಿಗೆ ಹಿಂತಿರುಗಿ. ಬೆರಳನ್ನು ಪದದ ಕೆಳಗೆ ನಿಲ್ಲಿಸದೆ ಜಾರಿಸುತ್ತ 'ಮಅಅನೆ' ಎಂದು ದನಿ ಕಡಿಯದೆ ಎಳೆದು ತೋರಿಸಿ. ನೀವೇ ಬೇಗ ಪದ ಹೇಳಿಕೊಟ್ಟರೆ ಅದು ಮುಂದಿನ ಪದಕ್ಕೂ ನಿಮ್ಮ ಮುಖವನ್ನೇ ನೋಡುತ್ತದೆ. ಐದು ಎಣಿಸುವಷ್ಟು ಕಾಯಿರಿ.

ಒತ್ತಕ್ಷರಕ್ಕೆ ನಮ್ಮ ಶಿವಮೊಗ್ಗ ಜಿಲ್ಲೆಯ ಏಳು ತಾಲ್ಲೂಕಿನ ಹೆಸರುಗಳೇ ಒಳ್ಳೆಯ ಪಾಠ, ಬಸ್ಸಿನ ಬೋರ್ಡಿನಲ್ಲಿ ದಿನಾ ಕಾಣುವಂಥವು. ಸಾಗರ, ಸೊರಬ, ಹೊಸನಗರ, ಶಿಕಾರಿಪುರದಲ್ಲಿ ಒತ್ತಿಲ್ಲ, ಗುಣಿತ ಬಂದರೆ ಓದಬಹುದು. ಶಿವಮೊಗ್ಗದಲ್ಲಿ ಸಜಾತಿ ಒತ್ತು, ಅಂದರೆ ಅಕ್ಷರಕ್ಕೆ ಅದರದೇ ಒತ್ತು. ಅದರ ಜೊತೆಗೆ ಅಜ್ಜ, ಅಪ್ಪ, ಗದ್ದೆ. ಇವುಗಳ ಒತ್ತು ಮೂಲಾಕ್ಷರವನ್ನೇ ಹೋಲುತ್ತದೆ. ತ, ನ, ಮ, ಯ, ರ, ಲ ಒತ್ತುಗಳ ರೂಪ ಬೇರೆಯಾದ್ದರಿಂದ ಅತ್ತೆ, ಅನ್ನ, ಅಮ್ಮ, ಬೆಲ್ಲ ಇತ್ಯಾದಿಗೆ ಬೇರೆ ವಾರ. ಭದ್ರಾವತಿಯನ್ನು 'ಭದಾರವತಿ' ಎಂದು ಓದಿದರೆ ಗದರಬೇಡಿ. ಇಳಿ ದ-ದ ಮೇಲಿದೆ, ಮಗು ಕಂಡಂತೆ ಓದಿದೆ. ಸ್ವರ ಒತ್ತಿನ ನಂತರ ಬರುತ್ತದೆ ಎಂದು ಬಿಡಿಸಿ ಬರೆದು ತೋರಿಸಬೇಕು. ತೀರ್ಥಹಳ್ಳಿ ಎಲ್ಲಕ್ಕಿಂತ ಕಷ್ಟ: ಅರ್ಕಾವತ್ತು ಬರೆಯುವುದು ಥ ಆದಮೇಲೆ, ಹೇಳುವುದು ಥ-ಗಿಂತ ಮೊದಲು. ಅದು ಕೊನೆಗಿರಲಿ.

ದಿನಕ್ಕೆ ನಲವತ್ತು ನಿಮಿಷ ಸಿಕ್ಕರೆ ಹತ್ತು ನಿಮಿಷ ಮಾತು ಮತ್ತು ಕಥೆ ಕೇಳಿಸುವುದು, ಹತ್ತು ನಿಮಿಷ ಅಕ್ಷರ ಮತ್ತು ಪದ, ಉಳಿದ ಇಪ್ಪತ್ತು ನಿಮಿಷ ಮಕ್ಕಳೇ ಓದಬೇಕು. ಒಬ್ಬರ ಹಿಂದೆ ಎಲ್ಲರೂ ಹೇಳುವ ಓದಿನಲ್ಲಿ ಬಾರದ ಮಗು ಆರಾಮಾಗಿ ಅಡಗಿಕೊಳ್ಳುತ್ತದೆ. ನಿಮ್ಮದು ಹದಿನೈದು–ಇಪ್ಪತ್ತು ಮಕ್ಕಳ ಮಲೆನಾಡ ಶಾಲೆಯಾದರೆ ಪ್ರತಿ ಮಗುವಿನ ಓದನ್ನೂ ದಿನಕ್ಕೆ ಒಂದು ನಿಮಿಷ ಕಿವಿಗೊಟ್ಟು ಕೇಳಬಹುದು. ಇದು ದೊಡ್ಡ ಊರಿನ ಶಾಲೆಗಳಿಗಿಲ್ಲದ ಅನುಕೂಲ, ಬಿಡಬೇಡಿ. ನಾಲ್ಕೇ ಸಾಲನ್ನು ಮೂರು ದಿನ ಓದಿಸಿ, ಓದು ಸರಾಗವಾಗುವುದು ಹಾಗೆಯೇ.

ಮನೆಯಲ್ಲಿ ತುಳು, ತಮಿಳು ಆಡುವ ಮಗು 'ಭ'ವನ್ನು 'ಬ' ಎಂದರೆ ಅದನ್ನು ಓದಿನ ತಪ್ಪೆಂದು ಗುರುತು ಹಾಕಬೇಡಿ. ಪದದ ಅರ್ಥ ಗೊತ್ತಿದೆಯೇ ನೋಡಿ, ಗೊತ್ತಿಲ್ಲದಿದ್ದರೆ ಮೊದಲು ಮಾತಿನಲ್ಲಿ ಬಳಸಿ.

ಜುಲೈ–ಆಗಸ್ಟಿನಲ್ಲಿ ತಗಡಿನ ಮಾಡಿನ ಮೇಲೆ ಮಳೆ ಹೊಡೆಯುವಾಗ ಸ ಯಾವುದು, ಶ ಯಾವುದು ಕೇಳುವುದೇ ಇಲ್ಲ. ಆ ಹೊತ್ತಿಗೆ ಕಾರ್ಡ್ ಜೋಡಿಸುವ ಕೆಲಸ ಕೊಡಿ. ಮಳೆ ರಜೆ ಮುಗಿದು ಬಂದ ದಿನ ಹೊಸ ಅಕ್ಷರ ಬೇಡ, ಹಿಂದಿನ ಎರಡು ವಾರದ್ದನ್ನು ಮತ್ತೆ ನೋಡಿ. ಇಷ್ಟೆಲ್ಲ ಮಾಡಿಯೂ ಎರಡು ತಿಂಗಳಲ್ಲಿ ಒಂದು ಮಗು ಕದಲದಿದ್ದರೆ ಮೊದಲು ಕಣ್ಣು, ಕಿವಿ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದಾಗ ಆ ಮಗುವನ್ನು ಹೆಸರಿಟ್ಟು ಮುಂದೆ ಕಳಿಸಿ, ಅಲ್ಲಿಯವರೆಗೆ ಕಪ್ಪುಹಲಗೆಯ ಹತ್ತಿರದ ಸಾಲಿನಲ್ಲಿ ಕೂರಿಸಿ.