ಆನ್‌ಕಾಲ್ ಇಲ್ಲದ ವಾರವೂ ಮೂರು ಗಂಟೆಗೆ ಎಚ್ಚರ

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ತಂಡದಲ್ಲಿ ನಾಲ್ವರು, ತಿಂಗಳಿಗೊಂದು ವಾರ ಆನ್‌ಕಾಲ್, ಅಂದರೆ ಸಿಸ್ಟಂನಲ್ಲಿ ತೊಂದರೆಯಾದರೆ ರಾತ್ರಿಯಾದರೂ ಎದ್ದು ನೋಡುವ ಸರದಿ. ಒಂದೇ ರಾತ್ರಿ ಐದಾರು ಅಲರ್ಟ್ ಬರುತ್ತವೆ. ಈಗ ನನ್ನ ಸರದಿ ಇಲ್ಲದಿದ್ದರೂ ರಾತ್ರಿ ಮೂರಕ್ಕೆ ಎದ್ದು ಫೋನ್ ನೋಡುತ್ತೇನೆ. ಮ್ಯಾನೇಜರ್ ‘ಧ್ಯಾನ ಮಾಡಿ’ ಅಂತಾರೆ. ಕಂಪನಿಯ ಕೌನ್ಸೆಲರ್ ಹತ್ತಿರ ಹೋದರೆ ಎಚ್‌ಆರ್‌ಗೆ ಗೊತ್ತಾಗುತ್ತಾ?

ಉತ್ತರ: ನಡುರಾತ್ರಿ ಎದ್ದು ಕೂರುವುದನ್ನು ನಿಮ್ಮ ಮೈ ಕಲಿತುಬಿಟ್ಟಿದೆ. ಬೆಳಗಿನ ಜಾವದ ನಿದ್ದೆ ಮೊದಲೇ ತೆಳು. ಆಗ ಫೋನ್ ನೋಡಿ ‘ಸದ್ಯ, ಏನೂ ಇಲ್ಲ’ ಅಂದುಕೊಂಡಷ್ಟೂ ಈ ಅಭ್ಯಾಸ ಗಟ್ಟಿಯಾಗುತ್ತದೆ. ಸರದಿ ಇಲ್ಲದ ವಾರ ಅಲರ್ಟ್ ಆ್ಯಪ್‌ನಿಂದ ಲಾಗ್‌ಔಟ್ ಆಗಿ, ಫೋನನ್ನು ಬೇರೆ ಕೋಣೆಯಲ್ಲಿಡಿ. 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಸುಮ್ನೆ ಹೊರಳಾಡಬೇಡಿ. ಎದ್ದು ಮಂದ ಬೆಳಕಲ್ಲಿ ಕೂತಿರಿ, ಕಣ್ಣು ಎಳೆದಾಗ ಮಲಗಿ. ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗದಿರಲಿ.

ಧ್ಯಾನ ಒಳ್ಳೆಯದೇ. ಆದರೆ ರಾತ್ರಿ ಐದು ಸಲ ಎಬ್ಬಿಸುವ ವ್ಯವಸ್ಥೆಯನ್ನು ಅದು ಸರಿಮಾಡದು ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಾದ ಐಸಿಡಿ-11ರಲ್ಲಿ ಬರ್ನ್‌ಔಟನ್ನು (ಕೆಲಸದಿಂದ ಪೂರ್ತಿ ಬಸವಳಿಯುವುದನ್ನು) ಕಾಯಿಲೆ ಅಂತ ಸೇರಿಸಿಲ್ಲ, ಕೆಲಸದ ಜಾಗದ ಒತ್ತಡದಿಂದ ಬರುವ ಸ್ಥಿತಿ ಅಂತ ಗುರುತಿಸಿದೆ. ಗೂಗಲ್‌ನಲ್ಲಿ ಸಿಸ್ಟಂಗಳು ಕೆಡದಂತೆ ನೋಡಿಕೊಳ್ಳುವ ಎಸ್‌ಆರ್‌ಇ ತಂಡಗಳು ಬರೆದಿಟ್ಟಿರುವ ಪದ್ಧತಿಯಲ್ಲಿ 12 ಗಂಟೆಯ ಆನ್‌ಕಾಲ್ ಪಾಳಿಗೆ ಹೆಚ್ಚೆಂದರೆ 2 ಘಟನೆ (ಸರಿಪಡಿಸಬೇಕಾದ ತೊಂದರೆ). ಒಂದೇ ಊರಿನ ತಂಡವಾದರೆ ಕನಿಷ್ಠ 8 ಜನ ಬೇಕು. ನಿಮ್ಮಲ್ಲಿರುವುದು ಅದರ ಅರ್ಧ.

ಹಾಗಾಗಿ ಮ್ಯಾನೇಜರ್ ಮುಂದೆ ‘ನನಗೆ ಒತ್ತಡ’ ಅಂತಷ್ಟೇ ಹೇಳಬೇಡಿ. ಒಂದು ತಿಂಗಳ ಅಲರ್ಟ್‌ಗಳನ್ನು ಶೀಟ್‌ನಲ್ಲಿ ಹಾಕಿ: ಎಷ್ಟು ಹೊತ್ತಿಗೆ ಬಂತು, ನಿಜವಾಗಿ ಏನಾದರೂ ಮಾಡಬೇಕಾಯಿತಾ, ತಾನಾಗಿಯೇ ಮುಚ್ಚಿಕೊಂಡಿತಾ. ಡಿಸ್ಕ್ ಶೇ 80 ತುಂಬಿದೆ ಎಂಬ ಎಚ್ಚರಿಕೆಗೆ ಯಾರನ್ನೂ ರಾತ್ರಿ ಎಬ್ಬಿಸಬೇಕಿಲ್ಲ, ಬೆಳಿಗ್ಗೆ ನೋಡುವ ಕೆಲಸಗಳ ಪಟ್ಟಿಯಲ್ಲಿ ಒಂದು ಟಿಕೆಟ್ ಆದರೆ ಸಾಕು. ನಿದ್ದೆಗೆಟ್ಟ ರಾತ್ರಿಯ ಮರುದಿನ ತಡವಾಗಿ ಕೆಲಸ ಶುರುಮಾಡಲು ಅನುಮತಿ ಕೇಳಿ. ಇದು ನ್ಯಾಯವಾದ ಬೇಡಿಕೆ, ಅಳುಕಬೇಡಿ.

ಹಗಲೂ ಎದೆ ಹೊಡೆದುಕೊಳ್ಳುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರ ಕಳೆದಿದ್ದರೆ ವೈದ್ಯರನ್ನು ಕಾಣಿ. ಸಾಯುವ ಯೋಚನೆ ಸುಳಿದರೆ ಅವತ್ತೇ ಹೋಗಿ.

ಇನ್ನು ಕೌನ್ಸೆಲರ್ ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ಮಾಹಿತಿ ಗುಟ್ಟಾಗಿರುವ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯದಂಥ ಕೆಲವು ಸಂದರ್ಭಗಳಿಗೆ ವಿನಾಯಿತಿ ಇದೆ. ಆದರೂ ಮೊದಲ ಭೇಟಿಯಲ್ಲೇ ‘ಕಂಪನಿಗೆ ಏನೇನು ಹೋಗುತ್ತದೆ?’ ಎಂದು ಕೇಳಿ, ಉತ್ತರ ಬರಹದಲ್ಲಿ ಪಡೆಯಿರಿ. ಅಷ್ಟಾದರೂ ಧೈರ್ಯ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ: 14416. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ರಾತ್ರಿ ಮೂರಕ್ಕೂ ಎತ್ತುತ್ತಾರೆ.