ಸ್ಟೆಮ್ ಸೆಲ್‌ಗಳಲ್ಲಿ ಎಷ್ಟು ಬಗೆ, ಅವು ಎಲ್ಲಿಂದ ಸಿಗುತ್ತವೆ?

ಪ್ರಶ್ನೆ: ತಂಗಿ ಹೆರಿಗೆಗೆಂದು ಬಾಗಲಕೋಟೆಗೆ ತವರಿಗೆ ಬಂದಿದ್ದಾಳೆ. ಹೊಕ್ಕುಳಬಳ್ಳಿಯ ರಕ್ತ ಕೂಡಿಡಿ, ಅದರಲ್ಲಿ ಸ್ಟೆಮ್ ಸೆಲ್ ಇರುತ್ತವೆ ಅಂತ ಏಜೆಂಟರು ಬೆನ್ನು ಹತ್ತಿದ್ದಾರೆ. ಏನಿವು?

ಉತ್ತರ: ಇನ್ನೂ ಇಂಥದ್ದೇ ಕೆಲಸ ಅಂತ ನಿಗದಿಯಾಗದ ಕೋಶಗಳು ಇವು. ತಮ್ಮಂಥವನ್ನೇ ಹುಟ್ಟಿಸುತ್ತವೆ, ಬೇಕಾದಾಗ ಬೇರೆ ಕೋಶಗಳಾಗಿಯೂ ಬದಲಾಗುತ್ತವೆ.

ಸುಮಾರು ಐದು ದಿನದ ಭ್ರೂಣದಿಂದ ತೆಗೆದವು ದೇಹದ ಯಾವ ಕೋಶ ಬೇಕಾದರೂ ಆಗಬಲ್ಲವು. ಅಮೆರಿಕದ ಜೇಮ್ಸ್ ಥಾಮ್ಸನ್ 1998ರಲ್ಲಿ ಇವನ್ನು ಲ್ಯಾಬ್‌ನಲ್ಲಿ ಬೆಳೆಸಿದರು. ಭ್ರೂಣ ಹಾಳಾಗುತ್ತದೆ ಅನ್ನೋದೇ ತಕರಾರು. ಜಪಾನಿನ ಶಿನ್ಯಾ ಯಮನಾಕ ಇದಕ್ಕೆ ಬೇರೆ ದಾರಿ ಹುಡುಕಿದರು: ಚರ್ಮದ ಕೋಶಕ್ಕೆ ನಾಲ್ಕು ಜೀನ್ ಸೇರಿಸಿ ಅದನ್ನು ಭ್ರೂಣದ ಕೋಶದಂಥ ಹಿಂದಿನ ಸ್ಥಿತಿಗೆ ತಂದರು. 2006ರಲ್ಲಿ ಇಲಿಯಲ್ಲಿ, 2007ರಲ್ಲಿ ಮನುಷ್ಯರ ಕೋಶದಲ್ಲಿ. 2012ರಲ್ಲಿ ನೊಬೆಲ್ ಬಂತು. ನನಗಂತೂ ಇದೇ ದೊಡ್ಡ ಅಚ್ಚರಿ.

ದೊಡ್ಡವರ ದೇಹದಲ್ಲೂ ಇವೆ: ಎಲುಬಿನ ಮಜ್ಜೆ, ಕೊಬ್ಬು, ಚರ್ಮ, ಕರುಳು. ಆದರೆ ಇವುಗಳ ಶಕ್ತಿ ಸೀಮಿತ. ಮಜ್ಜೆಯ ಒಂದು ಬಗೆಯ ಸ್ಟೆಮ್ ಸೆಲ್ ರಕ್ತದ ಕೋಶಗಳನ್ನು ಮಾಡುತ್ತದೆ, ಮಿದುಳನ್ನಲ್ಲ.

ಹೊಕ್ಕುಳಬಳ್ಳಿಯಲ್ಲಿ ಇರೋದೂ ಮುಖ್ಯವಾಗಿ ಈ ರಕ್ತ ಮಾಡುವ ಬಗೆಯೇ. ಮಗುವಿಗೇ ಥಲಸ್ಸೇಮಿಯಾ (ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ) ಬಂದರೆ ಕೂಡಿಟ್ಟ ಅದರದ್ದೇ ರಕ್ತ ಉಪಯೋಗಕ್ಕೆ ಬರಲ್ಲ, ಜೀನ್ ದೋಷ ಅದರಲ್ಲೂ ಇರುತ್ತೆ ಅಲ್ವಾ? ಸುಮ್ನೆ ವಿಮೆ ಅಂತ ಖಾಸಗಿಯಾಗಿ ಕೂಡಿಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಶಿಫಾರಸು ಮಾಡುವುದಿಲ್ಲ. ಮನೆಯ ಮೊದಲ ಮಗುವಿಗೆ ಅಂಥ ರಕ್ತದ ಕಾಯಿಲೆ ಇದ್ದರೆ ಮಾತು ಬೇರೆ, ಹೊಸ ಮಗುವಿನ ಈ ರಕ್ತ ಅದಕ್ಕೆ ನೆರವಾಗಬಹುದು. ಆಗ ಹೆರಿಗೆಗೆ ಮೊದಲೇ ರಕ್ತರೋಗ ತಜ್ಞರನ್ನು ಕೇಳಿ, ಏಜೆಂಟರನ್ನಲ್ಲ.